ಜಿಂಕೆ ತಿನ್ನಲೆಂದೇ ಬಿತ್ತಿದ ಹುರುಳಿ

"ನನ್ನ ಆ ನೀಲಿ ಗೀಟಿನ ಅಂಗಿ ಎಲ್ಲೇ?"

ಮೊನ್ನೆ ಶುಕ್ರವಾರ ಬೀರುವಿನೊಳಗೆ ತಲೆ ತೂರಿಸಿಕೊಂಡು ನಮ್ಮನೆಯವರು ಮತ್ತೆ ಕೇಳಿದರು. ವರ್ಷಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಹನ್ನೆರಡು ಅಂಗಿ ಕಣ್ಣೆದುರು ತೂಗುತ್ತಿದ್ದರೂ ಗಂಡಸರಿಗೆ ನೆನಪಾಗುವುದು ಅಲ್ಲಿಲ್ಲದ ಹದಿಮೂರನೆಯದೇ. ನಾನು ಎಂದಿನಂತೆ, "ಲಾಂಡ್ರಿಯವನು ಬದಲಾಯಿಸಿರಬೇಕು ಕಣ್ರೀ" ಎಂದೆ. ಹೇಳಿದ ಮೇಲೆ ಮನಸ್ಸಿನಲ್ಲೇ ಲಾಂಡ್ರಿಯವನ ಕ್ಷಮೆ ಕೇಳಿಕೊಂಡೆ. ತುಮಕೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಸುಳ್ಳು ಹೇಳುವುದನ್ನು ಸಂಸಾರ ಕಲಿಸಿತು, ಹೇಳಿದ ಮೇಲೆ ಕ್ಷಮೆ ಕೇಳುವುದನ್ನು ಕಾನ್ವೆಂಟು ಮೊದಲೇ ಕಲಿಸಿಬಿಟ್ಟಿತ್ತು.

ಅಂಗಿ ಎಲ್ಲಿ ಹೋಯಿತೆಂದು ನಿಮಗಾದರೆ ಹೇಳಬಹುದು. ಅವರು ಪ್ರಬಂಧ ಗಿಬಂಧ ಓದುವವರಲ್ಲ.

ಆಗ ಫುಟ್‌ಬಾಲ್ ವಿಶ್ವಕಪ್ಪಿಗೆ ಒಂದು ವರ್ಷದ ಮೇಲೆ ಸ್ವಲ್ಪ ಬಾಕಿ ಇತ್ತು. ಆ ಕಾಲದ ದೋಹಾದಲ್ಲಿ ಇದ್ದದ್ದು ಎರಡೇ ಋತು, ಅಗೆಯುವುದು ಮತ್ತು ಮುಚ್ಚುವುದು. ಮುಶೈರಿಬ್‌ನ ಆಫೀಸಿಗೆ ನಮ್ಮನೆಯವರು ಭಾನುವಾರ ಹೋದ ದಾರಿ ಸೋಮವಾರ ಇರುತ್ತಿರಲಿಲ್ಲ. ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನ ಮುಂದಿನ ಮಣ್ಣುದಿಬ್ಬ ಬೆಳಿಗ್ಗೆ ಒಂದು ಕಡೆ ಇದ್ದರೆ ಸಂಜೆಗೆ ಇನ್ನೊಂದು ಕಡೆ. ಊರೆಲ್ಲ ಹೀಗೆ ಮಣ್ಣು ಕೆದಕುತ್ತಿರುವಾಗ ನಾನೊಬ್ಬಳು ಯಾಕೆ ಸುಮ್ಮನಿರಬೇಕು? ಬಾಲ್ಕನಿಯಲ್ಲಿ ಎಣ್ಣೆ ಡಬ್ಬಗಳ ಬಾಯಿ ಕತ್ತರಿಸಿ, ಮಣ್ಣು ತುಂಬಿ, ಮೆಂತ್ಯ ಬಿತ್ತಿದ್ದೆ. ಮೂರಡಿ ಅಗಲ, ಎಂಟಡಿ ಉದ್ದದ ಆ ಬಾಲ್ಕನಿಯನ್ನು ನಾನು ಫೋನಿನಲ್ಲಿ ಅಮ್ಮನ ಹತ್ತಿರ "ನಮ್ಮ ಜಮೀನು" ಅಂತಲೇ ಹೇಳುತ್ತಿದ್ದೆ. ಕೇಳಿದವರು ಕತಾರಿನಲ್ಲಿ ನಮ್ಮದು ತೋಟವಿದೆ ಎಂದುಕೊಂಡರೆ ಅದು ನನ್ನ ತಪ್ಪಲ್ಲ.

ಆ ಚಳಿಗಾಲದ ಶುರುವಿಗೆ ನಮ್ಮನೆಯವರ ಮೇಲಧಿಕಾರಿ ಸಾಲೆಮ್ ಅವರಿಂದ ಒಂದು ಶುಕ್ರವಾರದ ಊಟಕ್ಕೆ ಕರೆ ಬಂತು. ಅವರ ಕುಟುಂಬಕ್ಕೆ ದೋಹಾದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿ ಮರುಭೂಮಿಯ ನೆಲವಿತ್ತು. ಅವರ ತಂದೆ, ಅಜ್ಜ ಎಲ್ಲರೂ ಗಿಡುಗ ಕಟ್ಟಿಕೊಂಡು, ಉದ್ದ ಕಾಲಿನ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದ ನೆಲ. ಊಟಕ್ಕೆ ಹೋಗುವವರು ಬೇರೆಯವರಾದರೆ ಚಾಕೊಲೇಟು ಡಬ್ಬಿ ಒಯ್ಯುತ್ತಾರೆ. ನಾನು ಡಬ್ಬದಿಂದ ಕಿತ್ತ ಮೆಂತ್ಯ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಹಿಡಿದುಕೊಂಡು ಕಾರು ಹತ್ತಿದೆ.

"ಸೊಪ್ಪು ಹಿಡ್ಕೊಂಡು ಯಾರಾದ್ರೂ ಬಾಸ್ ಮನೆಗೆ ಹೋಗ್ತಾರೇನೇ? ಮಾರೋಕೆ ಬಂದಿದಾಳೆ ಅನ್ಕೋತಾರೆ."

"ನಿಮ್ಮನ್ನು ನೋಡಿದ ಮೇಲೆ ಹಾಗೆ ಅನ್ಕೊಳ್ಳೋಲ್ಲ ಬಿಡಿ. ಮಾರೋರು ಅಷ್ಟು ಮುಖ ಗಂಟಿಕ್ಕೋಲ್ಲ."

ಗಂಡಸರ ಗುಡಾರ ಒಂದು ಕಡೆ, ಹೆಂಗಸರ ಗುಡಾರ ಒಂದು ಕಡೆ. ನಮ್ಮನೆಯವರು ತಮ್ಮ ಗುಡಾರದಲ್ಲಿ ಟೀವಿಯ ಮುಂದೆ ಚಹಾ ಲೋಟ ಹಿಡಿದು ಕುಳಿತರು. ಅವತ್ತು ಕುಳಿತವರು, ಮುಂದೆ ನಾವು ಅಲ್ಲಿಗೆ ಹೋದ ಯಾವ ಶುಕ್ರವಾರವೂ ಆ ದಿಂಬು ಬಿಟ್ಟು ಎದ್ದು ಆಚೆಗಿನ ನೆಲ ಏನು ಎಂತು ಎಂದು ನೋಡಲಿಲ್ಲ. ಅದಕ್ಕೇ ಅಂಗಿಯ ಗುಟ್ಟು ಇಂದಿಗೂ ಉಳಿದಿದೆ.

ಹೆಂಗಸರ ಗುಡಾರದ ನಡುವೆ ಸಾಲೆಮ್ ಅವರ ತಾಯಿ ಕುಳಿತಿದ್ದರು. ಎಲ್ಲರೂ ಅವರನ್ನು ಉಮ್ ಸಾಲೆಮ್, ಅಂದರೆ ಸಾಲೆಮ್‌ನ ಅಮ್ಮ ಅಂತಲೇ ಕರೆಯುವುದು. ಎಂಬತ್ತರ ಹತ್ತಿರದ ವಯಸ್ಸು, ಬೆರಳ ತುದಿಗಳಲ್ಲಿ ಗೋರಂಟಿ, ಮೂಗಿನ ಮೇಲೆ ಹಳೆಗಾಲದ ಹೆಂಗಸರು ಹಾಕುವ ಹೊಂಬಣ್ಣದ ಮುಖಪಟ್ಟಿ. ನನ್ನ ಒದ್ದೆ ಗಂಟನ್ನು ಬಿಚ್ಚಿ ಆ ಪಟ್ಟಿಯ ಕೆಳಗೆ ಹಿಡಿದು ಮೂಸಿದರು. "ಹಿಲ್ಬಾ!" ಎಂದರು. ಮೆಂತ್ಯಕ್ಕೆ ಅವರ ಮಾತಿನಲ್ಲಿ ಹಾಗೆನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡನ ವ್ಯಾಪಾರಕ್ಕೆಂದು ಎರಡು ಚಳಿಗಾಲ ಬೊಂಬಾಯಿಯಲ್ಲಿದ್ದವರಂತೆ. ಅಲ್ಲಿಂದ ತಂದ ಹಿಂದಿಯನ್ನು ಅರವತ್ತು ವರ್ಷ ಜೋಪಾನ ಮಾಡಿಟ್ಟಿದ್ದರು. ನನ್ನ ಹಿಂದಿಯೋ ಸಿಸ್ಟರ್ ಹೊಡೆದು ಕಲಿಸಿದ್ದು. ಎರಡು ಮುರುಕು ಹಿಂದಿಗಳೂ ಸೇರಿ ಚೆನ್ನಾಗಿಯೇ ನಡೆದವು.

"ನೀನು ಬೆಳೆದದ್ದಾ? ಎಲ್ಲಿ?"

"ಡಬ್ಬದಲ್ಲಿ, ಅಮ್ಮ."

"ಡಬ್ಬದಲ್ಲಿ ಇಷ್ಟು ಬೆಳೆಸುವವಳು ನೆಲ ಕೊಟ್ಟರೆ ಏನು ಮಾಡುತ್ತೀ? ಬಾ, ಯಲ್ಲಾ, ಹೊರಡು." ನನ್ನ ಕೈಯನ್ನೇ ಊರುಗೋಲು ಮಾಡಿಕೊಂಡು ಎದ್ದುಬಿಟ್ಟರು.

ಗುಡಾರಗಳಿಂದ ಕಾರಿನಲ್ಲಿ ಅರ್ಧ ಮೈಲಿ ಆಚೆ ಬೇಲಿಯೊಳಗೆ ಜಿಂಕೆಗಳಿದ್ದವು. ಮರಳಿನ ಬಣ್ಣದ ಸಣ್ಣ ಜಿಂಕೆಗಳು, ಹೊಟ್ಟೆ ಬಿಳಿ, ಕಣ್ಣು ಕಾಡಿಗೆ ತೀಡಿದ ಹಾಗೆ. ಉಮ್ ಸಾಲೆಮ್ ಅವರ ಯಜಮಾನರು ಬೇಟೆ ಬಿಟ್ಟ ಮೇಲೆ, ತಾವು ಹೊಡೆದು ತಂದ ಲೆಕ್ಕ ಹೇಗೂ ತೀರುವುದಿಲ್ಲ, ಕಣ್ಣೆದುರು ನಾಲ್ಕಾದರೂ ಬದುಕಿರಲಿ ಎಂದು ಎಂಟು ಜಿಂಕೆ ತಂದು ಬಿಟ್ಟರಂತೆ. ಅವರು ತೀರಿಕೊಂಡರು, ಜಿಂಕೆಗಳು ಇಪ್ಪತ್ತಾದವು. ಹಿಂದೆಲ್ಲ ಮಳೆ ಬಿದ್ದ ವರ್ಷಗಳಲ್ಲಿ, ಈಗ ಬೇಲಿಯೊಳಗೆ ಸೇರಿರುವ ತಗ್ಗಿನಲ್ಲಿ ತಾನಾಗಿ ಹಸಿರು ಹುಟ್ಟಿ ಜಿಂಕೆಗಳು ತಲೆ ತಗ್ಗಿಸಿ ಮೇಯುತ್ತಿದ್ದುದನ್ನು ಯಜಮಾನರು ಹೇಳುತ್ತಲೇ ಇದ್ದರಂತೆ. ಉಮ್ ಸಾಲೆಮ್ ಅದನ್ನು ನೋಡಿದ್ದಿಲ್ಲ. ಅವರು ನೋಡಿದ್ದೆಲ್ಲ ಗೋಣಿಯಿಂದ ಸುರಿದ ಮೇವಿನ ಸುತ್ತ ನಿಂತ ಜಿಂಕೆಗಳನ್ನು.

ಗೋಣಿ ಸುರಿಯುತ್ತಿದ್ದವರು ಸಂಜೀವಣ್ಣ. ಕಾರ್ಕಳದ ಕಡೆಯವರು, ತುಳು ಮಾತನಾಡುವವರು, ಐವತ್ತು ದಾಟಿದವರು. ಹನ್ನೊಂದು ವರ್ಷದಿಂದ ಆ ಬೇಲಿಯ ಪಕ್ಕದ ಒಂಟಿ ಕೋಣೆಯಲ್ಲಿದ್ದು ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದರು. ನನ್ನ ಮಾತು ಕೇಳಿದ್ದೇ ತಡ, "ನೀವು ಕನ್ನಡದವರಾ? ದೇವರೇ! ಇಲ್ಲಿ ನಾನು ಕನ್ನಡ ಮಾತಾಡುವುದು ಇವುಗಳ ಹತ್ತಿರ ಮಾತ್ರ ಮಾರಾಯ್ರೆ" ಎಂದರು. ಜಿಂಕೆಗಳಿಗೆ ತಮ್ಮ ಅಕ್ಕಂದಿರ, ಚಿಕ್ಕಮ್ಮಂದಿರ ಹೆಸರಿಟ್ಟಿದ್ದರು. ಜಲಜ, ಲೀಲ, ವಾರಿಜ. ಎಲ್ಲಕ್ಕೂ ಮುಂದಾಳು ಒಂದು ಮುದಿ ಹೆಣ್ಣು ಜಿಂಕೆ, ಗಿರಿಜಕ್ಕ. ಗಿರಿಜಕ್ಕ ಕಿವಿ ಅಲ್ಲಾಡಿಸದೆ ಉಳಿದವರಾರೂ ಒಂದು ಹೆಜ್ಜೆ ಇಡುತ್ತಿರಲಿಲ್ಲ. "ನಮ್ಮ ದೊಡ್ಡಕ್ಕ ಹೀಗೇ" ಎಂದರು ಸಂಜೀವಣ್ಣ.

ಆ ದಿನವೇ ತಿಳಿದದ್ದು, ಈ ಜಿಂಕೆಗಳಿಗೆ ಅಲ್ಲಿ ಉಳಿದಿದ್ದದ್ದು ಅದೊಂದೇ ಚಳಿಗಾಲ ಎಂದು. ವಿಶ್ವಕಪ್ಪಿಗೆ ಬರುವ ದೇಶವಿದೇಶದವರಿಗೆಂದು ಸಾಲೆಮ್ ಆ ನೆಲದ ತುಂಬ ಗುಡಾರಗಳ ಅತಿಥಿಗೃಹ ಹಾಕಿಸುವವರಿದ್ದರು. ಕೆಟ್ಟ ಮನುಷ್ಯರೇನಲ್ಲ. ಅಮ್ಮನಿಗೆ ನಯವಾಗಿಯೇ ಹೇಳಿದ್ದರಂತೆ: "ಅವು ಬರುವುದು ಗೋಣಿಗಾಗಿ, ಯಮ್ಮಾ. ಗೋಣಿಯನ್ನು ಎಲ್ಲಿ ಸುರಿದರೂ ಅಷ್ಟೇ. ದೊಡ್ಡಪ್ಪನ ಮಗನ ತೋಟಕ್ಕೆ ಕಳಿಸೋಣ, ಅಲ್ಲಿ ನೆರಳೂ ಇದೆ." ಅಮ್ಮ ಬಿಡಲಿಲ್ಲ. "ಇದೇ ನೆಲದಲ್ಲಿ ತಾವಾಗಿ ಮೇಯ್ದರೆ?" ಎಂದರು. ಮಗ ನಕ್ಕು, "ಚಳಿಗಾಲ ಮುಗಿಯುವುದರೊಳಗೆ ನನ್ನ ಕಣ್ಣಾರೆ ಕಂಡರೆ ಅರ್ಧ ನೆಲ ಅವುಗಳಿಗೇ. ಆದರೆ ಟ್ಯಾಂಕರಿನಲ್ಲಿ ನೀರು ತಂದು ಸುರಿಯುವ ಹಾಗಿಲ್ಲ" ಎಂದು ಒಪ್ಪಿದರಂತೆ. "ಬಿತ್ತುವುದು ನಿನ್ನ ಕೆಲಸ, ಪ್ರತಿ ಶುಕ್ರವಾರ ಬಾ" ಎಂದರು ಉಮ್ ಸಾಲೆಮ್ ನನಗೆ.

ಜಿಂಕೆಗಳಿಗೇನೋ ನೆರಳಿನ ತೋಟ ಸಿಗುತ್ತಿತ್ತು. ಆ ತೋಟದಲ್ಲಿ ಆಗಲೇ ಆಳುಗಳಿದ್ದುದರಿಂದ ಸಂಜೀವಣ್ಣ ಮಾತ್ರ ಕಂಪನಿಯ ಗೋದಾಮಿಗೆ, ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಬೇಕಿತ್ತು. ಬಂದ ಹೊಸದರಲ್ಲಿ ಅವರು ಎರಡು ವರ್ಷ ಅಲ್ಲಿದ್ದವರೇ.

"ಹೇಗಿತ್ತು ಸಂಜೀವಣ್ಣ ಅಲ್ಲಿ?" ಎಂದು ಕೇಳಿದೆ.

"ಎಂತ ಹೇಳುವುದು ಅಕ್ಕ. ಕೆಟ್ಟದ್ದು ಅಂತ ಅಲ್ಲ. ಅನ್ನ ಉಂಟು, ಜನ ಉಂಟು. ಕತ್ತಲಲ್ಲಿ ಬಸ್ಸು, ಕತ್ತಲಲ್ಲಿ ವಾಪಸು. ಬಾಗಿಲು ತೆಗೆದರೆ ಗೋಡೆ." ಗೋಣಿಯ ಬಾಯಿ ಕಟ್ಟುತ್ತಾ, "ಇಲ್ಲಿ ಬಾಗಿಲು ತೆಗೆದರೆ ಗಿರಿಜಕ್ಕ" ಎಂದರು.

ಆ ಮಾತು ನನ್ನನ್ನು ವಾಪಸು ಬರುವ ದಾರಿಯುದ್ದಕ್ಕೂ ಕಾಡಿತು. ನಾನೂ ಬಂದ ಹೊಸದರಲ್ಲಿ ಅಲ್ ವುಕೈರ್‌ನ ಕಿಟಕಿ ತೆಗೆದು ಎದುರು ಕಟ್ಟಡದ ಗೋಡೆಯನ್ನೇ ನೋಡಿಕೊಂಡು ಕೂತವಳಲ್ಲವೇ? ಡಬ್ಬದಲ್ಲಿ ಮೊದಲ ಮೆಂತ್ಯ ಮೊಳೆತ ಬೆಳಿಗ್ಗೆ ಈ ಊರು ನನಗೆ ಊರಾದದ್ದು.

ಏನು ಬಿತ್ತುವುದು? ಅಲ್ಲಿ ಎಲ್ಲರೂ ಜತ್ ಎಂಬ ಹಸಿರು ಮೇವು ಬೆಳೆಯುತ್ತಾರೆ. ಅದು ದಿನಾ ನೀರು ಕೇಳುತ್ತದೆ. ನೀರಿಲ್ಲದೆ, ಆರೈಕೆಯಿಲ್ಲದೆ, ಬೈದರೂ ಬೆಳೆಯುವ ಒಂದೇ ಬೆಳೆ ನನಗೆ ಗೊತ್ತಿದ್ದದ್ದು ಹುರುಳಿ. ಮಧುಗಿರಿಯ ಆಚೆ ನಮ್ಮಜ್ಜನ ಹೊಲದಲ್ಲಿ ಹಿಂಗಾರಿಗೆ ಅದನ್ನೇ ಎರಚುತ್ತಿದ್ದರು. ಹುರುಳಿಯೆಂದರೆ ಜಿಂಕೆಗೆ ಎಷ್ಟು ಇಷ್ಟವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿದ್ದವು. ನಮ್ಮಜ್ಜಿ ಅವನ್ನು ಹುಲ್ಲೆ ಅನ್ನುತ್ತಿದ್ದಳು. ದಸರಾ ರಜೆಗೆ ಹೋದ ಮೊಮ್ಮಕ್ಕಳಿಗೆಲ್ಲ ಒಂದೊಂದು ತಟ್ಟೆ, ಒಂದೊಂದು ಸೌಟು ಕೊಟ್ಟು ಹೊಲದ ಬದುವಿನ ಮೇಲೆ ಕೂರಿಸುವುದು. ಹುಲ್ಲೆ ಕಂಡ ಕೂಡಲೇ ಬಡಿಯಬೇಕು, "ಹುಷ್, ಹೋ" ಎಂದು ಕೂಗಬೇಕು. ಕಾನ್ವೆಂಟಿನಲ್ಲಿ ಪಿಸುಮಾತಿಗೂ ಬೈಸಿಕೊಳ್ಳುತ್ತಿದ್ದ ನಮಗೆ ಗಂಟಲು ಹರಿಯುವಂತೆ ಕೂಗಿದರೆ ಬೆಲ್ಲ ಸಿಗುವ ಆ ಕೆಲಸ ಸ್ವರ್ಗವೇ ಆಗಿತ್ತು. ತಿರುಗಿ ಶಾಲೆಗೆ ಹೋದಾಗ ಸಿಸ್ಟರ್ "ರಜೆಯಲ್ಲಿ ಏನು ಮಾಡಿದೆ?" ಎಂದು ಕೇಳಿದ್ದಕ್ಕೆ, "ಜಿಂಕೆ ಓಡಿಸಿದೆ ಸಿಸ್ಟರ್" ಎಂದೆ. ಪಟ್ಟಣದ ಹುಡುಗಿಯರೆಲ್ಲ ನಾನು ಬುರುಡೆ ಬಿಡುತ್ತಿದ್ದೇನೆ ಎಂದು ನಕ್ಕರು.

ಅಲ್ ವಕ್ರಾದ ಭಾರತೀಯ ಅಂಗಡಿಯಲ್ಲಿ ಸಾರಿನ ಹುರುಳಿಯ ಪ್ಯಾಕೆಟ್ಟುಗಳನ್ನು ಒಟ್ಟಿಗೆ ಎತ್ತಿಕೊಂಡಾಗ ಮಲಯಾಳಿ ಅಂಗಡಿಯವನು, "ಚೇಚಿ, ಮನೆಯಲ್ಲಿ ಕುದುರೆ ಇದೆಯಾ?" ಎಂದ. "ಜಿಂಕೆ" ಎಂದೆ. ಅವನು ಮುಂದೆ ಕೇಳಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಸಂಜೀವಣ್ಣನ ಫೋನು: "ಅಕ್ಕ, ತಗ್ಗಿನಲ್ಲಿ ನೀರು ನಿಂತಿದೆ. ಬನ್ನಿ." ಶುಕ್ರವಾರ ಹೋಗಿ ಬಿತ್ತಿದೆವು. ಅಜ್ಜನ ಹೊಲದಲ್ಲಿ ಎರಚುತ್ತಿದ್ದರೆಂದು ಈಗಷ್ಟೇ ಹೇಳಿದೆನಲ್ಲ, ನನ್ನ ಕೈಗೆ ಮಾತ್ರ ಎರಚಲು ಬರಲಿಲ್ಲ. ಹೊಲಿಗೆ ತರಗತಿಯಲ್ಲಿ ಸಾಲು ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ ಸಿಸ್ಟರ್ ಇನ್ನೂ ನನ್ನ ಬೆನ್ನ ಹಿಂದೆ ನಿಂತಿರುತ್ತಾರೆ. ಕ್ರೋಶಾ ದಾರ ಎರಡು ಕಡ್ಡಿಗೆ ಕಟ್ಟಿ, ಗೆರೆ ಎಳೆದು, ಒಂದೊಂದು ಗೇಣಿಗೆ ಮೂರು ಮೂರು ಕಾಳು ಇಟ್ಟೆ.

ಸಂಜೀವಣ್ಣ ಸೊಂಟಕ್ಕೆ ಕೈಕೊಟ್ಟು ನೋಡಿದರು. "ಅಕ್ಕ, ಜಿಂಕೆಗಳಿಗೆ ಲೈನಿನಲ್ಲಿ ನಿಂತು ಊಟ ಮಾಡಿ ಅಂತ ಹೇಳುವುದು ಯಾರು? ನೀವಾ, ನಾನಾ?"

"ನೀವೇ ಹೇಳಿ. ನಿಮ್ಮ ದೊಡ್ಡಕ್ಕ ತಾನೇ?"

ಎಂಟು ದಿನಕ್ಕೆ ಮೊಳಕೆ ಬಂತು. ಸಂಜೀವಣ್ಣ ಕಳಿಸಿದ ಫೋಟೋದಲ್ಲಿ ಹಸಿರಿಗಿಂತ ಅವರ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು. ಆದರೂ ಹತ್ತು ಸಲ ನೋಡಿದೆ, ಮಗಳಿಗೆ ತೋರಿಸಿದೆ. "ಸೋ ಕ್ಯೂಟ್ ಅಮ್ಮಾ, ಇದು ನಮ್ಮ ಹುರುಳಿ?" ಎಂದಳು. ಆ 'ನಮ್ಮ' ಕೇಳಿ ನನಗೆ ಹೊಟ್ಟೆ ತುಂಬಿತು. ಆದರೆ ಮುಂದಿನ ಶುಕ್ರವಾರದ ಹೊತ್ತಿಗೆ ಬೆಳವಕ್ಕಿಗಳು, ಪಾರಿವಾಳಗಳು ಬಂದು ಒಂದು ಮೂಲೆಯ ಮೊಳಕೆಯನ್ನೆಲ್ಲ ಕಿತ್ತು ಮುಗಿಸಿದ್ದವು. ಜಿಂಕೆಗಳು ಎಳೆಯದರಲ್ಲೇ ತಿನ್ನದಿರಲೆಂದು ತಗ್ಗಿನ ಸುತ್ತ ಬಲೆ ಕಟ್ಟಿದ್ದೆವು, ಆಕಾಶಕ್ಕೆ ಬಲೆ ಕಟ್ಟುವುದು ಹೇಗೆ?

ನಾನೂ ಸಂಜೀವಣ್ಣನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಎರಡು ಕೋಲು ತಂದರು. ನಾನು ಮುಂದಿನ ವಾರ ನೀಲಿ ಗೀಟಿನ ಅಂಗಿ ತಂದೆ. ಕಾಲರು ಸ್ವಲ್ಪ ಸವೆದಿತ್ತು, ನನ್ನ ಪ್ರಕಾರ. ಒಳಗೆ ಒಣಹುಲ್ಲು ತುಂಬಿದೆವು. ತಲೆಗೆ ಮಡಕೆ ಸಿಗದೆ, ಮಾಲಿನಲ್ಲಿ ಮಕ್ಕಳಿಗೆಲ್ಲ ಹಂಚಿದ್ದ ಪ್ಲಾಸ್ಟಿಕ್ ಫುಟ್‌ಬಾಲ್ ಒಂದನ್ನು ಸಿಕ್ಕಿಸಿ, ಕಾಡಿಗೆಯಿಂದ ಕಣ್ಣು, ಮೀಸೆ, ಹಲ್ಲು ಬರೆದೆವು. ಕೈಗಳಿಗೆ ಮಿರುಗುವ ಚಾಕೊಲೇಟು ಕಾಗದದ ಮಾಲೆ. ಗಾಳಿಗೆ ಅಂಗಿ ಪಟಪಟ ಬಡಿದುಕೊಂಡಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. "ಲಾಯ್ಕಾಯಿತು. ಹಕ್ಕಿಯೂ ಬರುವುದಿಲ್ಲ, ದೃಷ್ಟಿಯೂ ತಾಗುವುದಿಲ್ಲ" ಎಂದರು ಸಂಜೀವಣ್ಣ. ಹಕ್ಕಿಗಳು ನಿಜಕ್ಕೂ ಬರಲಿಲ್ಲ.

ನೀವಾಗಲೇ ನಗುತ್ತಿದ್ದೀರಿ. ನಗಿ. ನಾವಿಬ್ಬರು ಮಾತ್ರ ಆಗ ನಗಲಿಲ್ಲ.

ಎರಡು ತಿಂಗಳಿಗೆ ಹುರುಳಿ ಮೊಣಕಾಲೆತ್ತರಕ್ಕೆ ಬಳ್ಳಿ ಹೆಣೆದುಕೊಂಡು ನಿಂತಿತು. ನಡುವೆ ಇನ್ನೊಂದು ಮಳೆಯೂ ದಯಮಾಡಿಸಿತ್ತು. ಆ ಮರಳು ಬಣ್ಣದ ನೆಲದ ನಡುವೆ ಅಷ್ಟು ಹಸಿರು ನೋಡಿ ಉಮ್ ಸಾಲೆಮ್ ಗುಡಾರದ ಬಾಗಿಲಿನಿಂದಲೇ ಎರಡು ಕೈ ಎತ್ತಿದರು. ಬಲೆ ಬಿಚ್ಚಿದೆವು. ಗೋಣಿ ಸುರಿಯುವುದನ್ನು ಅರ್ಧಕ್ಕೆ ಇಳಿಸಿದೆವು. ದೂರದಲ್ಲಿ ಸಂಜೀವಣ್ಣ ಮೇವು ತರುವ ಪಿಕಪ್‌ನೊಳಗೆ ಕುಳಿತು ಕಾದೆವು.

ಗಿರಿಜಕ್ಕ ಬಂದಳು. ಹಸಿರಿನಿಂದ ಐವತ್ತು ಹೆಜ್ಜೆ ದೂರದಲ್ಲಿ ನಿಂತಳು. ಕಿವಿ ಮುಂದೆ ಮಾಡಿದಳು, ಹಿಂದೆ ಮಾಡಿದಳು, ಮುಂಗಾಲಿನಿಂದ ನೆಲ ಕುಟ್ಟಿದಳು, ತಿರುಗಿ ಹೋದಳು. ಹಿಂದಿನಿಂದ ಜಲಜ, ಲೀಲ, ವಾರಿಜ ಎಲ್ಲರೂ ಹೋದರು. ಮುಂದಿನ ಶುಕ್ರವಾರವೂ ಹಾಗೇ. ಅದರ ಮುಂದಿನದೂ.

ನಾವು ಮಾಡದ ಪರೀಕ್ಷೆಯಿಲ್ಲ. ನೆಲದ ಉಪ್ಪಿಗೆ ಎಲೆ ಕಹಿಯಾಯಿತೇನೋ ಎಂದು ನಾನೇ ಎಲೆ ಅಗಿದು ನೋಡಿದೆ. ನನ್ನ ಕೈಗೆ ಹಚ್ಚಿದ ಕ್ರೀಮಿನ ವಾಸನೆಯೇನೋ ಎಂದು ಸಂಜೀವಣ್ಣನಿಗೆ ಅನುಮಾನ. ಕೊನೆಗೆ ಅವರೇ ಒಂದು ಹಿಡಿ ಬಳ್ಳಿ ಕಿತ್ತು ಬೇಲಿಯ ಹತ್ತಿರ ಹಿಡಿದರು. ಗಿರಿಜಕ್ಕ ಅವರ ಅಂಗೈಯಿಂದ ಕಣ್ಣು ಮುಚ್ಚಿ ಚಪ್ಪರಿಸಿಕೊಂಡು ತಿಂದಳು! ರುಚಿಯದ್ದು ತೊಂದರೆಯಲ್ಲ ಎಂದಾಯಿತು. ಕೈಯಿಂದ ತಿನ್ನುವವಳು ನೆಲದಿಂದ ಯಾಕೆ ತಿನ್ನಳು?

"ಅವಕ್ಕೆ ಗೋಣಿಯೇ ಅಭ್ಯಾಸ ಆಗಿ ಹೋಗಿದೆ ಅಕ್ಕ," ಎಂದರು ಸಂಜೀವಣ್ಣ. "ಸಾಲೆಮ್ ಸಾಹೇಬರು ಹೇಳಿದ್ದು ಸರಿಯೇ ಇರಬೇಕು."

ಅಷ್ಟರಲ್ಲಿ ಗುಡಾರದ ಕಂಟ್ರಾಕ್ಟರಿನವರು ಬಂದು ನೆಲವನ್ನು ಅಳೆದು, ತಗ್ಗಿನ ಸುತ್ತಲೂ ಕೆಂಪು ಪಟ್ಟಿ ಕಟ್ಟಿದ ಮರದ ಗೂಟಗಳನ್ನು ನೆಟ್ಟು ಹೋಗಿದ್ದರು. ಮುಂದಿನ ವಾರ ಯಂತ್ರ ಬರುವುದಿತ್ತು. ನಾನು ಸಂಜೀವಣ್ಣನ ಕೋಣೆಯ ಬಾಗಿಲಲ್ಲಿ ನೀರು ಕೇಳಲು ನಿಂತಾಗ ಮಂಚದ ಮೇಲೆ ಪೆಟ್ಟಿಗೆ ತೆರೆದಿತ್ತು. ಮಡಿಸಿದ ಪಂಚೆಗಳು, ಮೇಲೆ ಒಂದು ಸ್ಟೀಲ್ ಲೋಟ, ಪಕ್ಕದಲ್ಲಿ ಜಿಂಕೆಯ ಮುರಿದು ಬಿದ್ದ ಕೊಂಬಿನ ಒಂದು ತುಂಡು ಬಟ್ಟೆಯಲ್ಲಿ ಸುತ್ತಿದ್ದು. ಅವರು ನನಗೆ ಕಾಣಬಾರದೆಂದು ಮುಚ್ಚಳ ಹಾಕಿದರು. "ಧೂಳು ಕೂರುತ್ತದೆ ಅಂತ" ಎಂದರು. ನಾನು ನೀರು ಕುಡಿಯದೆಯೇ ಬಂದುಬಿಟ್ಟೆ. ಬಾಲ್ಕನಿಯ ಡಬ್ಬದ ಜಂಬ ಹೊತ್ತು ಬಂದು ಒಬ್ಬ ಮನುಷ್ಯನಿಗೆ ಒಂದು ಚಳಿಗಾಲ ಪೂರ್ತಿ ಆಸೆ ಹುಟ್ಟಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅಂದು ಸಂಜೆ ನಾಲ್ಕರ ಹೊತ್ತಿಗೆ ಉಮ್ ಸಾಲೆಮ್, "ನನ್ನ ಕಾಲು ನೋಯುತ್ತಿದೆ, ಆದರೂ ಹತ್ತಿರದಿಂದ ಒಮ್ಮೆ ನೋಡುತ್ತೇನೆ" ಎಂದರು. ಬಿತ್ತಿದ ಮೇಲಿನ ಮೂರು ತಿಂಗಳಲ್ಲಿ ಅವರು ತಗ್ಗಿನ ಹತ್ತಿರ ಬಂದದ್ದು ಅದೇ ಮೊದಲು. ಸಂಜೀವಣ್ಣ ಪಿಕಪ್ಪನ್ನು ನಿಧಾನ ಓಡಿಸಿದರು. ನಾನು ನಡುವೆ, ಉಮ್ ಸಾಲೆಮ್ ಅಜ್ಜಿ ಕಿಟಕಿಯ ಪಕ್ಕ. ತಗ್ಗಿನ ಅಂಚಿಗೆ ಬಂದು ನಿಂತಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಆ ಮನುಷ್ಯ ಯಾರು?"

"ಯಾವ ಮನುಷ್ಯ, ಅಮ್ಮ?"

"ಅಲ್ಲಿ. ನೀಲಿ ಅಂಗಿ. ಬಿಸಿಲಿನಲ್ಲಿ ಯಾಕೆ ನಿಂತಿದ್ದಾನೆ? ಕರೆಯಿರಿ, ನೀರು ಕೊಡಿ."

"ಅದು ಮನುಷ್ಯ ಅಲ್ಲ ಅಮ್ಮ, ಬೊಂಬೆ. ಪ್ರಾಣಿ ಪಕ್ಷಿ ಹೊಲಕ್ಕೆ ಬರದೇ ಇರಲಿ ಅಂತ ನಮ್ಮ ಕಡೆ..."

ಅಲ್ಲಿಗೆ ನನ್ನ ಬಾಯಿ ನಿಂತಿತು. ಸಂಜೀವಣ್ಣನ ಕೈ ಗೇರಿನ ಮೇಲೆ ನಿಂತಿತು. ಆಮೇಲೆ ಆ ಹೊಂಬಣ್ಣದ ಪಟ್ಟಿಯ ಕೆಳಗಿನಿಂದ ನಗು ಶುರುವಾಯಿತು. ಮೊದಲು ಹೆಗಲು ಕುಣಿಯಿತು, ಆಮೇಲೆ ಬಳೆ, ಆಮೇಲೆ ಇಡೀ ಪಿಕಪ್ಪು.

"ಊಟಕ್ಕೆ ಕರೆದು, ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದೆಯಾ, ಮಗಳೇ!"

ಎಷ್ಟು ತಲೆಮಾರು ನೋಡಿ. ನಮ್ಮಜ್ಜ, ಅವರಜ್ಜ, ಕಾರ್ಕಳದಲ್ಲಿ ಸಂಜೀವಣ್ಣನ ಅಪ್ಪ, ಎಲ್ಲರೂ ಬೆಳೆ ಕಂಡಲ್ಲಿ ಬೊಂಬೆ ನೆಟ್ಟವರು, ಕೊಯ್ಲು ಮುಗಿಯುವವರೆಗೆ ಅದನ್ನು ಮುಟ್ಟದವರು. ತಿನ್ನಲೆಂದೇ ಬಿತ್ತುವ ಬೆಳೆಯೊಂದು ಲೋಕದಲ್ಲಿ ಇರಬಹುದೆಂದು ನಮ್ಮ ಕೈಗಳಿಗೆ ಯಾರೂ ಹೇಳಿರಲಿಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೂರು ವಾರ ಆ ಬೊಂಬೆಯ ಪಕ್ಕದಲ್ಲೇ ನಿಂತು ನಾವು ಎಲೆ ಅಗಿದು ನೋಡಿದ್ದೆವು!

ಸಂಜೀವಣ್ಣ ಓಡಿದರು. ಚಪ್ಪಲಿ ಒಂದು ಕಡೆ, ಅವರೊಂದು ಕಡೆ. ಬೊಂಬೆಯನ್ನು ಕಿತ್ತು ಹೆಗಲ ಮೇಲೆ ಹೊತ್ತು ತಂದು ಪಿಕಪ್‌ನ ಹಿಂದೆ ಮಲಗಿಸಿದರು. ಬಿಸಿಲಿಗೆ ಆ ಅಂಗಿ ಎಷ್ಟು ಮಾಸಿತ್ತೆಂದರೆ ಮುಟ್ಟಿದಲ್ಲೆಲ್ಲ ಹರಿಯುತ್ತಿತ್ತು. ಅದರ ಕಥೆ ಅಲ್ಲಿಗೆ ಖಲಾಸ್.

ಪಿಕಪ್ಪನ್ನು ದೂರ ಒಯ್ದು ನಿಲ್ಲಿಸಿದೆವು. ಅಜ್ಜಿ ನನ್ನ ಮುಂಗೈ ಹಿಡಿದುಕೊಂಡರು. ಅವರ ಬೆರಳು ಒಣ ಎಲೆಯಷ್ಟು ಹಗುರ. ಗಾಳಿ ನಿಂತಿತ್ತು. ಗಿರಿಜಕ್ಕ ದಿಬ್ಬದ ಮೇಲೆ ಕಾಣಿಸಿಕೊಂಡಳು. ಬೊಂಬೆ ಇದ್ದ ಜಾಗವನ್ನು ತುಂಬಾ ಹೊತ್ತು ನೋಡಿದಳು. ಎಲ್ಲಿ ಹೋದ ಅವನು ಎಂದು ಹುಡುಕುತ್ತಿದ್ದಾಳೆ ಎನಿಸಿತು. ನಲವತ್ತು ಹೆಜ್ಜೆ. ಮೂವತ್ತು. ನಿಂತಳು. ಹಿಂದೆ ನೋಡಿದಳು. ನನ್ನ ಪಕ್ಕದಲ್ಲಿ ಸಂಜೀವಣ್ಣ ತುಳುವಿನಲ್ಲಿ ಏನೋ ಗೊಣಗುತ್ತಿದ್ದರು. ಅಕ್ಕನನ್ನು ಬೇಡಿಕೊಳ್ಳುತ್ತಿದ್ದರೋ, ದೈವವನ್ನೋ, ಕೇಳಲಿಲ್ಲ.

ಗಿರಿಜಕ್ಕ ಸಾಲಿನ ಅಂಚಿಗೆ ಬಂದು ತಲೆ ತಗ್ಗಿಸಿದಳು. ಬಳ್ಳಿಯ ತುದಿ ಹಿಡಿದು ಎಳೆದಳು. ಹುರುಳಿ ಎಲೆ ಅವಳ ಬಾಯೊಳಗೆ ಹೋದದ್ದೇ ತಡ, ನನ್ನ ಗಂಟಲಿನಿಂದ "ಹು..." ಎಂದು ಹೊರಟೇಬಿಟ್ಟಿತು! ಅಜ್ಜಿಯ ಇನ್ನೊಂದು ಕೈ ತಟ್ಟನೆ ನನ್ನ ಬಾಯಿಯ ಮೇಲೆ ಬಿತ್ತು. ಗೋರಂಟಿಯ ವಾಸನೆ. ಅಜ್ಜನ ಹೊಲದ ಬದುವಿನ ಮೇಲೆ ಕುಳಿತ ಹುಡುಗಿಯನ್ನು ಎಂಬತ್ತು ವರ್ಷದ ಆ ಹೆಂಗಸು ಹಾಗೆ ಬಾಯಿಮುಚ್ಚಿ ಹಿಡಿದುಕೊಂಡರು. ಜಲಜ ಬಂದಳು, ಲೀಲ ಬಂದಳು, ಆಮೇಲೆ ಹೆಸರು ಹೇಳಲು ಸಂಜೀವಣ್ಣನಿಂದಲೂ ಆಗಲಿಲ್ಲ. ನಾನು ದಾರ ಹಿಡಿದು ಎಳೆದ ಸಾಲುಗಳನ್ನೆಲ್ಲ ಅಡ್ಡಾದಿಡ್ಡಿ ತುಳಿದುಕೊಂಡು ಮೇಯ್ದವು. ನನ್ನ ಬಾಯಿಯ ಮೇಲಿದ್ದ ಕೈ ಒದ್ದೆಯಾಗಿತ್ತು. ಅದು ನನ್ನ ಕಣ್ಣೀರೋ, ಅವರ ಕಣ್ಣಿನದು ಅಲ್ಲಿಗೆ ಇಳಿದು ಬಂದಿತ್ತೋ.

ಅಜ್ಜಿ ಮಗನಿಗೆ ಫೋನು ಮಾಡಿದರು. ಸಾಲೆಮ್ ಗಂಡಸರ ಗುಡಾರದಿಂದ ಕಾರು ತಂದರು. ಸದ್ದಿಗೆ ಜಿಂಕೆಗಳು ತಲೆ ಎತ್ತಿದ್ದು ನೋಡಿ ದೂರದಲ್ಲೇ ಎಂಜಿನ್ ಆರಿಸಿ, ಬಿಳಿ ನಿಲುವಂಗಿಯನ್ನು ಸ್ವಲ್ಪ ಎತ್ತಿ ಹಿಡಿದು ಕಾಲ್ನಡಿಗೆಯಲ್ಲಿ ಬಂದರು. ಪಿಕಪ್‌ಗೆ ಒರಗಿ ನಿಂತು ನೋಡಿದರು. ಆಮೇಲೆ ಹಿಂದಿನ ಕಡೆ ಮಲಗಿದ್ದ ಫುಟ್‌ಬಾಲ್ ತಲೆಯವನತ್ತ ಕಣ್ಣು ಹೋಯಿತು.

"ಇವನು ಯಾರು, ಯಮ್ಮಾ?"

"ನಿನ್ನ ವಿಶ್ವಕಪ್ಪಿನ ಮೊದಲ ಅತಿಥಿ," ಎಂದರು ಅಜ್ಜಿ. "ಬೇಗ ಬಂದುಬಿಟ್ಟಿದ್ದ. ಕಳಿಸಿದೆವು."

ಸಾಲೆಮ್ ನಕ್ಕು, ತಾಯಿಯ ಹಣೆಗೆ ಮುತ್ತಿಟ್ಟರು. ಫೋನು ತೆಗೆದು ಕಂಟ್ರಾಕ್ಟರಿಗೆ ಅರಬ್ಬಿಯಲ್ಲಿ ನಾಲ್ಕು ಮಾತು ಹೇಳಿದರು. ನನಗೆ ಅರ್ಥವಾದದ್ದು "ಮಾಫಿ", ಅಂದರೆ ಇಲ್ಲ ಎಂಬುದೊಂದೇ. ಅಷ್ಟು ಸಾಕಾಗಿತ್ತು. ಆಮೇಲೆ ಸಂಜೀವಣ್ಣನ ಭುಜ ತಟ್ಟಿ ಬಯಲಿನ ಆಚೆ ಬದಿ ತೋರಿಸಿದರು. ಗುಡಾರ ಅಲ್ಲಿ, ಜಿಂಕೆ ಇಲ್ಲಿ, ನೀನು ಇಲ್ಲಿ. ವಿಶ್ವಕಪ್ಪಿನ ದಿನಗಳಲ್ಲಿ ಅಲ್ಲಿ ಉಳಿದವರು ಪಂದ್ಯವಿಲ್ಲದ ಸಂಜೆಗಳಲ್ಲಿ ಬೇಲಿಯ ಹತ್ತಿರ ನಿಂತು ಮೊಬೈಲು ಹಿಡಿಯುತ್ತಿದ್ದರೆಂದು ಸಂಜೀವಣ್ಣನೇ ಆಮೇಲೆ ಹೇಳಿದ್ದು.

ಅಂದು ನಮ್ಮನೆಯವರು ಹೊರಡಲು ಹಾರ್ನ್ ಹೊಡೆದಾಗ ನಾನು ಸಂಜೀವಣ್ಣನಿಗೆ ಹೇಳಿ ಬರೋಣವೆಂದು ಹುಡುಕಿದೆ. ಕೋಣೆಯಲ್ಲಿರಲಿಲ್ಲ. ತಗ್ಗಿನ ಆಚೆ, ಜಿಂಕೆಗಳಿಗೆ ತೊಂದರೆಯಾಗದಷ್ಟು ದೂರದಲ್ಲಿ, ಬಗ್ಗಿ ಬಗ್ಗಿ ಕೆಂಪು ಪಟ್ಟಿಯ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕಿತ್ತದ್ದನ್ನು ಅಲ್ಲಾಡಿಸಿ ಮಣ್ಣು ಉದುರಿಸಿ ಎಡಗೈಯ ಕಂಕುಳಿಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದಾಗ ತೋಳಿನ ತುಂಬ ಗೂಟಗಳಿದ್ದವು. ಒಂದನ್ನು ನನ್ನ ಕೈಗಿತ್ತು ಹೇಳಿದರು:

"ಅಕ್ಕ, ಮರ ಗಟ್ಟಿ ಉಂಟು. ಬರುವ ಶುಕ್ರವಾರ ಒಂದಿಷ್ಟು ಅಲಸಂಡೆ ಬೀಜ ತನ್ನಿ. ಇದರ ಮೇಲೆ ಹಬ್ಬಿಸುವ. ಗಿರಿಜಕ್ಕನಿಗೆ ಕುತ್ತಿಗೆ ಬಗ್ಗಿಸುವುದು ಈಗ ಸ್ವಲ್ಪ ಕಷ್ಟ."